ಒಂದಿರುಳಿನ ಒಡೆತನ

ಮೆಲ್ಬರ್ನ್ ಮಹಾನಗರದ ಆಗ್ನೇಯ ಅಂಚಿನಲ್ಲಿರುವ ಕ್ಲೈಡ್ ನಾರ್ತ್, ಒಂದು ತಲೆಮಾರಿನ ಹಿಂದೆ ಹಸುಗಳು ಮೇಯುತ್ತಿದ್ದ, ತರಕಾರಿ ಬೆಳೆಯುತ್ತಿದ್ದ ಬಯಲು. ಈಗ ಬಡಾವಣೆಯ ಮಗ್ಗುಲಿಗೆ ಬಡಾವಣೆ ಎದ್ದು, ಕನ್ನಡಿಗರೂ ತೆಲುಗರೂ ಪಂಜಾಬಿಗಳೂ ಸಿಂಹಳೀಯರೂ ಒಬ್ಬರ ಬೇಲಿಗೆ ಒಬ್ಬರು ಬೆನ್ನು ಕೊಟ್ಟು ಬಾಳುವೆ ಮಾಡುತ್ತಿರುವ ಊರು. ಇಲ್ಲಿ ಒಂದು ಮನೆಯನ್ನು ತನ್ನದೆಂದು ಹೇಳಿಕೊಳ್ಳಬೇಕಾದರೆ ಬಹುಮಂದಿ ಮೂವತ್ತು ವರ್ಷಗಳ ಕಂತಿಗೆ ಸಹಿ ಹಾಕಬೇಕು. ಹಾಕಿದ ಮೇಲೂ ಬೇಲಿಯ ಎತ್ತರವೇನು, ಮುಂಗೋಡೆಗೆ ಎಂತಹ ಇಟ್ಟಿಗೆ ಎಂಬಿವೇ ಮೊದಲಾದ ವಿಷಯಗಳಲ್ಲಿ ಬಡಾವಣೆಯ ಕರಾರಿಗೆ ತಲೆಬಾಗಬೇಕು. ಇಂತಹ ಕರಾರುಗಳಲ್ಲಿ ಪದೇ ಪದೇ ಕಾಣುವ ಒಂದು ವಿಧಿಯುಂಟು: ಕ್ಯಾರವಾನನ್ನು ಬೀದಿಯವರ ಕಣ್ಣಿಗೆ ಬೀಳುವಂತೆ ನಿಲ್ಲಿಸಕೂಡದು. ಸ್ಥಿರವಾಗಿ ನೆಲೆಸಿದವರ ಬೀದಿಯಲ್ಲಿ ಗಾಲಿಯ ಮೇಲಿನ ಮನೆ ಕಾಣಿಸಿಕೊಂಡರೆ ನೆಲದ ಬೆಲೆ ಇಳಿದೀತೆಂಬ ಅಂಜಿಕೆಯೋ ಏನೋ, ನಾನು ಬಲ್ಲೆನೆನ್ನಲಾರೆ. ಅಂತೂ ನಮ್ಮ ಬೀದಿಯಲ್ಲಿ ಕ್ಯಾರವಾನು ಪಕ್ಕದ ಗೇಟಿನ ಹಿಂದೆ, ಮನೆಗೆ ಬಾರದ ಅತಿಥಿಯಂತೆ, ಮುಸುಕು ಹೊದ್ದು ನಿಂತಿರುತ್ತದೆ.

ಅದೇ ಕ್ಯಾರವಾನು ರಜೆ ಬಂದೊಡನೆ ಮುಸುಕು ತೆಗೆದು, ಪ್ರಿನ್ಸಸ್ ಹೆದ್ದಾರಿ ಹಿಡಿದು ಪೂರ್ವಾಭಿಮುಖವಾಗಿ ಹೊರಡುತ್ತದೆ. ವಾರಗಲ್, ಮೋ, ಟ್ರಾರಲ್ಗನ್‌ಗಳನ್ನು ದಾಟಿ ರೋಸ್‌ಡೇಲ್ ಎಂಬ ಸಣ್ಣ ಊರನ್ನು ಮುಟ್ಟಿದರೆ, ಅಲ್ಲಿ ವಿಲ್ಲೋ ಪಾರ್ಕ್ ಎಂಬ ಹುಲ್ಲುಹಾಸಿನಲ್ಲಿ ಬಂಡಿ ನಿಲ್ಲಿಸಿ ರಾತ್ರಿ ಕಳೆಯಲು ಯಾರೂ ಬಾಡಿಗೆ ಕೇಳುವುದಿಲ್ಲ. ಇನ್ನೂ ಮುಂದೆ, ಸಮುದ್ರದ ಕಡೆಗೆ ತಿರುಗಿದರೆ, ನೈಂಟಿ ಮೈಲ್ ಬೀಚಿನ ಉದ್ದಕ್ಕೂ ಗೋಲ್ಡನ್ ಬೀಚ್‌ನಿಂದ ಹನಿಸಕಲ್ಸ್‌ವರೆಗೆ, ಮರಳು ದಿಬ್ಬಗಳ ಹಿಂದಣ ಕುರುಚಲಿನ ನಡುವೆ ಬಿಡಾರದ ತಾಣಗಳು ಚದುರಿಕೊಂಡಿವೆ. ಅವಕ್ಕೆ ಶುಲ್ಕವೂ ಇಲ್ಲ, ಮುಂಗಡವಾಗಿ ಕಾದಿರಿಸುವ ಏರ್ಪಾಡೂ ಇಲ್ಲ. ಮೊದಲು ಬಂದವನಿಗೆ ಮೊದಲ ಜಾಗ, ಅವನು ಎದ್ದು ಹೋದ ಕ್ಷಣ ಅದು ಮುಂದಿನವನದು. ಆಸ್ಟ್ರೇಲಿಯದ ಒಳನಾಡಿನಾದ್ಯಂತ ಇಂತಹ ತಾಣಗಳು ಅಸಂಖ್ಯಾತ. ಕೆಲವೆಡೆ ಒಂದು ಶೌಚಾಲಯ, ಒಂದು ನಲ್ಲಿ, ಕ್ಯಾರವಾನಿನ ಮಲಿನವನ್ನು ಸುರಿಯಲು ಡಂಪ್ ಪಾಯಿಂಟ್. ಕೆಲವೆಡೆ ಇವಾವುವೂ ಇಲ್ಲದ ಬರಿಯ ನೆಲ. ಮತ್ತೆ ಕೆಲವೆಡೆ ಕಂಬಕ್ಕೆ ಬಿಗಿದ ಕಬ್ಬಿಣದ ಡಬ್ಬಿಯೊಂದು, ಅದರಲ್ಲಿ ಐದೋ ಹತ್ತೋ ಡಾಲರು ಹಾಕಿದರೆ ಸಂತೋಷ, ಹಾಕದವನನ್ನು ಹಿಡಿದು ಕೇಳಲು ಯಾರೂ ಕುಳಿತಿರುವುದಿಲ್ಲ.

ಈ ನೆಲವನ್ನು ಕೊಟ್ಟವರಾರು, ಕೊಟ್ಟದ್ದು ಧರ್ಮವೆನಿಸೀತೇ ಎಂಬುದು ನನ್ನ ಪ್ರಶ್ನೆ. ಹೊರನೋಟಕ್ಕೆ ಇದು ನಮ್ಮ ಪೂರ್ವಿಕರು ಪೂರ್ತಕರ್ಮವೆಂದು ಕರೆದು ಯಜ್ಞಯಾಗಗಳ ಜೊತೆಗೆ ಸೇರಿಸಿದ್ದ ಕೆರೆ, ಬಾವಿ, ಸಾಲುಮರ, ಛತ್ರ, ಅರವಟ್ಟಿಗೆಗಳ ಸಾಲಿಗೆ ಸೇರತಕ್ಕದ್ದೆಂದೇ ತೋರುತ್ತದೆ. ಆಶ್ರಯ ಬೇಡಿ ಬಂದವನನ್ನು ಹಿಂದಕ್ಕೆ ಕಳುಹಿಸದಿರುವುದನ್ನು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ಒಂದು ವ್ರತವೆಂದೇ ವಿಧಿಸಿರುವುದು ವಿದಿತವಾದ ಸಂಗತಿ. ಆದರೆ ಈ ಊರುಗಳವರ ಲೆಕ್ಕಾಚಾರವನ್ನು ಹತ್ತಿರದಿಂದ ನೋಡಿದರೆ ಮನಸ್ಸು ತಡವರಿಸುತ್ತದೆ. ಹೊಸ ಹೆದ್ದಾರಿ ಊರನ್ನು ಬಳಸಿ ಹೋದಮೇಲೆ ಬಡವಾದ ಪೇಟೆಬೀದಿ, ಮುಚ್ಚಿಹೋದ ಬ್ಯಾಂಕು, ಗಿರಾಕಿಯಿಲ್ಲದ ಬೇಕರಿ, ಇವುಗಳ ನಡುವೆ ಸಭೆ ಸೇರಿದ ಕೌನ್ಸಿಲ್ಲಿನವರು, ಪ್ರಯಾಣಿಕನಿಗೆ ರಾತ್ರಿ ತಂಗಲು ಬಿಟ್ಟಿಯಾಗಿ ಜಾಗ ಕೊಟ್ಟರೆ ಬೆಳಗ್ಗೆ ಅವನು ಪೆಟ್ರೋಲು ಹಾಕಿಸಿಯಾನು, ಬ್ರೆಡ್ಡು ಕೊಂಡಾನು, ಔಷಧದಂಗಡಿಗೆ ಹೊಕ್ಕಾನು ಎಂದೆಣಿಸಿಯೇ ಆ ಹುಲ್ಲುಹಾಸಿಗೆ ಫಲಕ ನೆಡುತ್ತಾರೆ. 1986ರಲ್ಲಿ ಸ್ಥಾಪಿತವಾದ, ಕ್ಯಾಂಪರ್‌ವ್ಯಾನ್ ಮತ್ತು ಮೋಟರ್‌ಹೋಮ್ ಒಡೆಯರ ರಾಷ್ಟ್ರೀಯ ಕ್ಲಬ್ಬು, ಕಡಿಮೆ ಖರ್ಚಿನ ತಂಗುದಾಣ, ಕುಡಿಯುವ ನೀರು, ಡಂಪ್ ಪಾಯಿಂಟ್‌ಗಳನ್ನು ಒದಗಿಸುವ ಊರುಗಳಿಗೆ ‘ಆರ್‌ವಿ ಫ್ರೆಂಡ್ಲಿ’ ಎಂಬ ಬಿರುದನ್ನು ಕೊಡುತ್ತದೆ. ಆ ಬಿರುದಿನ ಫಲಕವನ್ನು ಊರಬಾಗಿಲಲ್ಲಿ ನಿಲ್ಲಿಸುವುದರ ಉದ್ದೇಶ ಕೇವಲ ಕೀರ್ತಿಯಲ್ಲ. ನಮ್ಮ ಬಯಲುಸೀಮೆಯ ರೈತನು ಕುರುಬರ ಕುರಿಮಂದೆಯನ್ನು ತನ್ನ ಹೊಲದಲ್ಲಿ ರಾತ್ರಿ ತಂಗಿಸಿಕೊಂಡು, ಗೊಬ್ಬರದ ಆಸೆಗೆ ಕುರುಬನಿಗೇ ಒಂದಿಷ್ಟು ಕಾಳುಕಡ್ಡಿ ಅಳೆದು ಕೊಡುವ ವ್ಯವಹಾರಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಗೀತೆಯ ಹದಿನೇಳನೆಯ ಅಧ್ಯಾಯದ ದಾನವಿಭಾಗವನ್ನು ಅಳತೆಗೋಲಾಗಿ ಹಿಡಿದರೆ ತೀರ್ಪು ಸುಲಭ. ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದು ಸಾತ್ವಿಕ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಆದುದರಿಂದ ರೋಸ್‌ಡೇಲಿನ ಹುಲ್ಲುಹಾಸು ರಾಜಸದಾನವೆಂದು ಹೇಳಿ ಪುಸ್ತಕ ಮುಚ್ಚಬಹುದಾಗಿತ್ತು. ಹಾಗೆ ಮುಚ್ಚಲು ನನಗೆ ಮನಸ್ಸೊಪ್ಪದಿರುವುದಕ್ಕೆ ಕಾರಣ, ಇದು ದಾನವೇ ಅಲ್ಲವೆಂಬ ನನ್ನ ಭಾವನೆ. ಧರ್ಮಶಾಸ್ತ್ರಕಾರರು ದಾನಕ್ಕೂ ಉತ್ಸರ್ಗಕ್ಕೂ ಸೂಕ್ಷ್ಮವಾದ ಆದರೆ ಮಹತ್ತರವಾದ ಭೇದವನ್ನು ಹೇಳಿದ್ದಾರೆ. ದಾನದಲ್ಲಿ ಕೊಡುವವನ ಸ್ವತ್ವವು ನಿವೃತ್ತವಾಗಿ ಪಡೆಯುವವನ ಸ್ವತ್ವವು ಹುಟ್ಟಬೇಕು. ಹಸು ಕೊಟ್ಟರೆ ಆ ಹಸು ಇನ್ನೊಬ್ಬನದಾಗಬೇಕು. ಆದ್ದರಿಂದಲೇ ಅಲ್ಲಿ ಪಾತ್ರಾಪಾತ್ರ ವಿವೇಚನೆ. ಉತ್ಸರ್ಗದಲ್ಲಾದರೋ ಕೊಡುವವನು ಬಿಡುತ್ತಾನೆ, ಆದರೆ ಯಾರೊಬ್ಬರೂ ಪಡೆಯುವುದಿಲ್ಲ. ಕೆರೆಯ ನೀರನ್ನು ಸಕಲ ಭೂತಗಳಿಗೂ ಎಂದು ಬಿಟ್ಟಮೇಲೆ ಅದು ಬಿಟ್ಟವನದೂ ಅಲ್ಲ, ಕುಡಿದವನದೂ ಅಲ್ಲ. ಹಾಗಾದರೆ ಕಟ್ಟಿಸಿದವನೇ ಆ ಕೆರೆಯಲ್ಲಿ ಸ್ನಾನ ಮಾಡಬಹುದೇ ಎಂದು ಪೂರ್ವಪಕ್ಷವೆತ್ತಿ, ಸಕಲರಲ್ಲಿ ಅವನೂ ಒಬ್ಬನಾದ್ದರಿಂದ ಧಾರಾಳವಾಗಿ ಮಾಡಬಹುದೆಂದು ಸಮಾಧಾನ ಹೇಳಿದ ನಿಬಂಧಕಾರರ ಲೋಕಜ್ಞಾನ ನನಗೆ ಬಹಳ ಮೆಚ್ಚಿಕೆಯಾದದ್ದು. ಬೆಂಗಳೂರಿನ ರೈಲುನಿಲ್ದಾಣದ ಎದುರಿಗೆ ವರ್ತಕರಾದ ಗುಬ್ಬಿ ತೋಟದಪ್ಪನವರು ಕಟ್ಟಿಸಿ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹಸ್ತದಿಂದ ತೆರೆಯಿಸಿದ ಧರ್ಮಛತ್ರವು, ಅವರ ಜೀವಿತಾವಧಿಯಲ್ಲೇ ಅವರಿಗೆ ಹೆಸರನ್ನು ತಂದಿತೆಂಬುದು ನಿಜ. ಆದರೆ ತಡರಾತ್ರಿಯ ರೈಲಿಳಿದು ಅಲ್ಲಿ ಚಾಪೆ ಹಾಸಿದ ಯಾತ್ರಿಕನಿಗೆ ಆ ಹೆಸರಿನಿಂದ ನಷ್ಟವೇನು, ಲಾಭವೇನು?

ಉತ್ಸರ್ಗದ ಕಣ್ಣಿನಿಂದ ನೋಡಿದಾಗ ಬಿಟ್ಟವನ ಮನಸ್ಸಿನೊಳಗಣ ಆಸೆ ಗೌಣವಾಗಿ, ಬಿಟ್ಟದ್ದು ನಿಜವಾಗಿ ಬಿಟ್ಟದ್ದೇ ಎಂಬುದೊಂದೇ ಮುಖ್ಯ ಪ್ರಶ್ನೆಯಾಗಿ ಉಳಿಯುತ್ತದೆ. ಹಣ ತೆಗೆದುಕೊಳ್ಳದಿದ್ದ ಮಾತ್ರಕ್ಕೆ ನೆಲ ಬಿಡುಗಡೆಯಾಯಿತೆನ್ನಲಾಗದು ಎಂಬುದಕ್ಕೆ ವಿಕ್ಟೋರಿಯ ರಾಜ್ಯವೇ ಇತ್ತೀಚೆಗೆ ಒಳ್ಳೆಯ ದೃಷ್ಟಾಂತವನ್ನು ಒದಗಿಸಿತು. 2024ರ ಡಿಸೆಂಬರ್ 1ರಿಂದ 2025ರ ಜೂನ್ 30ರವರೆಗೆ ಇಲ್ಲಿನ ಸರ್ಕಾರವು ತನ್ನ ಉದ್ಯಾನಗಳ ಬಿಡಾರದ ಶುಲ್ಕವನ್ನು ಮನ್ನಾ ಮಾಡಿತು. ಆದರೆ ಮುಂಗಡ ಕಾದಿರಿಸುವ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡಿತು. ಫಲವೇನಾಯಿತು? ಕಾಸು ಖರ್ಚಿಲ್ಲವೆಂದು ಜನರು ಬರುವ ಖಚಿತವಿಲ್ಲದ ವಾರಾಂತ್ಯಗಳಿಗೂ ಜಾಗ ಹಿಡಿದಿಟ್ಟರು. ಕೊನೆಗೆ ಬರಲೇ ಇಲ್ಲ. ಬರಬೇಕೆಂದಿದ್ದವರಿಗೆ ಜಾಗ ತುಂಬಿದೆಯೆಂಬ ಉತ್ತರ ಸಿಕ್ಕಿತು. ತುಂಬಿದೆಯೆಂಬ ತಾಣಕ್ಕೆ ಹೋಗಿ ನೋಡಿದವರಿಗೆ ಖಾಲಿ ನೆಲ ಕಂಡಿತು. ಇಂತಹ ಬುಕಿಂಗಿಗೆ ಇಲ್ಲಿನವರು ದೆವ್ವದ ಹೆಸರನ್ನಿಟ್ಟರು. ನೆಲದ ಮೇಲೆ ಕಾಲಿಡದೆಯೇ ಅದನ್ನು ತನ್ನದಾಗಿಸಿಕೊಂಡು, ತಾನೂ ಅನುಭವಿಸದೆ ಅನ್ಯರಿಗೂ ಸಲ್ಲಗೊಡದ ಈ ಸ್ಥಿತಿಗೆ ಯೋಗಶಾಸ್ತ್ರದವರು ಪರಿಗ್ರಹವೆಂದು ಹೆಸರಿಟ್ಟು, ಅದನ್ನು ಬಿಡುವುದನ್ನು ಐದು ಯಮಗಳಲ್ಲೊಂದಾಗಿ ಎಣಿಸಿದ್ದಾರೆ. ಇದಕ್ಕೆ ಹೋಲಿಸಿದರೆ ಕಬ್ಬಿಣದ ಡಬ್ಬಿಗೆ ಹತ್ತು ಡಾಲರು ಹಾಕಿಸಿಕೊಳ್ಳುವ ತಾಣವೇ ಹೆಚ್ಚು ಬಿಡುಗಡೆಯಾದದ್ದು. ಏಕೆಂದರೆ ಆ ಹಣವು ಶೌಚಾಲಯ ತೊಳೆಯುವವನ ಕೂಲಿಗೆ ಸಲ್ಲುತ್ತದೆಯೇ ವಿನಾ ನೆಲದ ಮೇಲೆ ನಿಮಗೆ ಹಕ್ಕನ್ನು ಕೊಡುವುದಿಲ್ಲ. ಬೆಲೆಯಿಲ್ಲದಿರುವುದು ಬೇರೆ, ಹಿಡಿತವಿಲ್ಲದಿರುವುದು ಬೇರೆ.

ಹಿಡಿತವನ್ನು ಸಡಿಲಿಸುವ ಉಪಾಯವಾಗಿಯೇ ಈ ತಾಣಗಳಲ್ಲಿ ಕಾಲಮಿತಿ ಏರ್ಪಟ್ಟಿದೆ. ಕೆಲವೆಡೆ 24 ಗಂಟೆ, ಕೆಲವೆಡೆ 48, ಉದಾರವಾದ ಊರುಗಳಲ್ಲಿ 72. ಸಂನ್ಯಾಸಿಯು ಗ್ರಾಮದಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ರಾತ್ರಿಗಳಿಗಿಂತ ಹೆಚ್ಚು ನಿಲ್ಲಬಾರದೆಂದು ನಮ್ಮ ಶಾಸ್ತ್ರಗಳು ವಿಧಿಸಿದ್ದನ್ನು ಬಲ್ಲವರಿಗೆ ಈ ಫಲಕಗಳು ಅಪರಿಚಿತವೆನಿಸಲಾರವು. ಹೆಚ್ಚು ದಿನ ನಿಂತರೆ ಆ ಮರ, ಆ ನೆರಳು, ಭಿಕ್ಷೆಯಿಕ್ಕುವ ಆ ಮನೆ ತನ್ನದೆನಿಸತೊಡಗುತ್ತವೆ ಎಂಬ ಭಯವೇ ಅಲ್ಲಿನ ಹೇತು. ಸ್ಥಾವರ ಜಂಗಮಗಳ ಪ್ರಸ್ತಾಪವನ್ನು ಇಲ್ಲಿಗೆ ಎಳೆದು ತರುವ ಚಾಪಲ್ಯ ಕನ್ನಡ ಬರೆಯುವವನಿಗೆ ಸಹಜವೇ. ಆದರೆ ಶರಣರ ಆ ಮಾತು ದೇಹವನ್ನೂ ಭಕ್ತಿಯನ್ನೂ ಕುರಿತದ್ದು, ಅದನ್ನು ಸೌರಫಲಕವೂ ಫ್ರಿಜ್ಜೂ ಉಳ್ಳ ಕ್ಯಾರವಾನಿಗೆ ಕಟ್ಟುವುದು ಉಚಿತವಲ್ಲ. ಹಾಗೆಯೇ, ಮೊಮ್ಮಗನ ಮುಖ ಕಂಡು ತಲೆ ನರೆತಮೇಲೆ ಮನೆಯನ್ನು ಮಕ್ಕಳಿಗೊಪ್ಪಿಸಿ ಹೊರಡುವ ಇಲ್ಲಿನ ವೃದ್ಧ ದಂಪತಿಗಳನ್ನು, ಗ್ರೇ ನೋಮ್ಯಾಡ್ ಎಂದು ಕರೆಯಲ್ಪಡುವವರನ್ನು, ಮನುವಿನ ವಾನಪ್ರಸ್ಥರೆಂದು ಹೊಗಳಲು ನನ್ನ ಸ್ನೇಹಿತರೊಬ್ಬರು ಹೊರಟಾಗ, ವಾನಪ್ರಸ್ಥನು ಹಿಂದಿರುಗಿ ಬಂದು ಕ್ರಿಕೆಟ್ ನೋಡುತ್ತಿರಲಿಲ್ಲವಲ್ಲ ಎಂದು ನಾನು ತಡೆಯಬೇಕಾಯಿತು.

ಆದರೂ ಈ ವೃದ್ಧರಲ್ಲಿ ಒಂದು ಶಿಸ್ತನ್ನು ಕಂಡಿದ್ದೇನೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಕ್ಯಾರವಾನಿನ ಶೌಚಾಲಯದ ಅಡಿಯಲ್ಲಿ ಕ್ಯಾಸೆಟ್ ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯಿರುತ್ತದೆ. ಬೆಳಗ್ಗೆ ಅದನ್ನು ಹೊರಗೆಳೆದು, ಪುಟ್ಟ ಗಾಲಿಗಳ ಮೇಲೆ ಡಂಪ್ ಪಾಯಿಂಟಿನವರೆಗೆ ಉರುಳಿಸಿಕೊಂಡು ಹೋಗಿ, ಮೂತಿಯನ್ನು ಬಗ್ಗಿಸಿ ಸುರಿಯಬೇಕು. ಹೀಗೆ ಸುರಿದ ಮುದುಕರೊಬ್ಬರು, ತಮ್ಮ ಪೆಟ್ಟಿಗೆಯನ್ನು ತೊಳೆದುಕೊಂಡ ಮೇಲೂ ಹೊರಡದೆ, ಕೊಳವೆ ಹಿಡಿದು ಆ ತೂಬಿನ ಅಂಚನ್ನೂ ಸುತ್ತಲಿನ ಸಿಮೆಂಟನ್ನೂ, ಅದರ ಮೇಲಿದ್ದ ತಮ್ಮದಲ್ಲದ ಕಲೆಯನ್ನೂ ಸಾವಕಾಶವಾಗಿ ತೊಳೆದು, ಮುಚ್ಚಳ ಹಾಕಿ, ಸರದಿಯಲ್ಲಿ ಹಿಂದೆ ನಿಂತಿದ್ದವರತ್ತ ತಲೆಯನ್ನು ತುಸು ಆಡಿಸಿ ನಡೆದರು. ಮಡಿಮೈಲಿಗೆಗಳ ವಿಚಾರದಲ್ಲಿ ಬೆಳೆದ ನಮ್ಮವರಲ್ಲಿ ಹಲವರು, ಮನೆಯಿಂದ ಪುಳಿಯೋಗರೆ ಗೊಜ್ಜನ್ನೂ ಕುಕ್ಕರನ್ನೂ ಮರೆಯದೆ ತಂದಿದ್ದರೂ, ಈ ಕೆಲಸದ ಹೊತ್ತಿಗೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಶೌಚವೆಂಬುದು ತನ್ನ ಮೈಯನ್ನು ತೊಳೆದುಕೊಳ್ಳುವಲ್ಲಿಗೆ ಮುಗಿಯುವ ಧರ್ಮವಲ್ಲವೆಂಬುದನ್ನು ನನಗೆ ಯಾವ ಪ್ರವಚನವೂ ಅಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿರಲಿಲ್ಲ. ಉತ್ಸರ್ಗದ ನೆಲದಲ್ಲಿ ಋಣವಿರುವುದು ಹಿಂದೆ ಕೊಟ್ಟವನಿಗಲ್ಲ, ಇನ್ನೂ ಬಾರದಿರುವವನಿಗೆ.

ಖಾಸಗಿ ಕ್ಯಾರವಾನ್ ಪಾರ್ಕುಗಳ ಒಡೆಯರ ಆಕ್ಷೇಪವನ್ನು ಇಲ್ಲಿ ಕೇಳಬೇಕು. ತೆರಿಗೆ ಕಟ್ಟಿ, ವಿಮೆ ಕಟ್ಟಿ, ಬಿಸಿನೀರು ಕಾಯಿಸಿ ನಾವು ಬಾಡಿಗೆ ಕೇಳುವಾಗ, ನಮ್ಮದೇ ತೆರಿಗೆಯಿಂದ ನಡೆಯುವ ಕೌನ್ಸಿಲ್ಲು ಬೀದಿಯಾಚೆ ಪುಕ್ಕಟೆ ಜಾಗ ಕೊಡುವುದು ಯಾವ ನ್ಯಾಯ ಎಂದು ಅವರು ಕೇಳುತ್ತಾರೆ. ಸರ್ಕಾರವು ವ್ಯಾಪಾರಕ್ಕಿಳಿದರೆ ಖಾಸಗಿಯವರೊಡನೆ ಸಮಾನ ನೆಲೆಯಲ್ಲಿ ನಿಲ್ಲಬೇಕೆಂಬ ನೀತಿ ಈ ದೇಶದಲ್ಲಿರುವುದೂ ಅವರ ಪಕ್ಷಕ್ಕೆ ಬಲ. ಬಿಸಿನೀರ ಸ್ನಾನ, ವಿದ್ಯುತ್ತು, ಮಕ್ಕಳ ಈಜುಕೊಳಗಳನ್ನೆಲ್ಲ ಕೌನ್ಸಿಲ್ಲು ಬಿಟ್ಟಿಯಾಗಿ ಕೊಡತೊಡಗಿದರೆ ಅವರ ದೂರು ಸಂಪೂರ್ಣ ನ್ಯಾಯವೆಂದು ನಾನು ಒಪ್ಪುತ್ತೇನೆ. ಆದರೆ ದಣಿದ ಚಾಲಕನು ಕತ್ತಲಲ್ಲಿ ಬಂಡಿ ನಿಲ್ಲಿಸಿ ಕಣ್ಣುಮುಚ್ಚಲು ಬೇಕಾಗುವ ಇಷ್ಟಗಲದ ನೆಲವು ಮಾರಾಟದ ಸರಕೆಂಬುದನ್ನು ಒಪ್ಪಲಾರೆ.

ಇಷ್ಟಾದರೂ ಒಂದು ತೊಡಕು ಉಳಿದುಕೊಂಡಿತು. ಅದು ಎಲ್ಲಕ್ಕಿಂತ ಕಠಿನವಾದದ್ದು. ಬಿಡುವುದಕ್ಕೆ ಮುಂಚೆ ತನ್ನದಾಗಿರಬೇಕಷ್ಟೆ. ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕಾದ ವಿಶ್ವಜಿದ್ಯಾಗದಲ್ಲಿ ಭೂಮಿಯನ್ನೂ ಕೊಡಬಹುದೇ ಎಂಬ ಪ್ರಶ್ನೆಯನ್ನು ಜೈಮಿನಿಯು ತನ್ನ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದಲ್ಲೆತ್ತಿ, ಕೊಡಲಾಗದು, ಏಕೆಂದರೆ ಅದು ಎಲ್ಲರಿಗೂ ಸಮಾನವಾದದ್ದು ಎಂದು ನಿರ್ಣಯಿಸಿದ್ದಾನೆ. ಚಕ್ರವರ್ತಿಗೂ ಅಲ್ಲಿ ವಿನಾಯಿತಿಯಿಲ್ಲ. ಈ ನಿರ್ಣಯವನ್ನು ಓದಿ ಉಬ್ಬಿದ ನನಗೆ, ಆಸ್ಟ್ರೇಲಿಯದ ನೆಲದ ಮೇಲೆ ನಿಂತು ಅದನ್ನು ನೆನೆಯುವುದು ಅಪಾಯಕರವೆಂಬುದೂ ಹೊಳೆಯದಿರಲಿಲ್ಲ. ಏಕೆಂದರೆ, ನೆಲವು ಯಾರದೂ ಅಲ್ಲವೆಂಬ ಸಿದ್ಧಾಂತವನ್ನು ಮುಂದೊಡ್ಡಿಯೇ ಇಲ್ಲಿನ ಮೂಲನಿವಾಸಿಗಳ ದೇಶವನ್ನು ಬೇರೆಯವರು ಅಳೆದು ಹಂಚಿಕೊಂಡರು, ಮತ್ತು 1992ರ ಮೇಬೋ ತೀರ್ಪಿನವರೆಗೆ ನ್ಯಾಯಾಲಯಗಳು ಅದನ್ನು ಎತ್ತಿಹಿಡಿದವು. ಎಲ್ಲರದೆಂಬ ಮಾತಿಗೂ ಯಾರದೂ ಅಲ್ಲವೆಂಬ ಮಾತಿಗೂ ಇರುವ ವ್ಯತ್ಯಾಸ ಮೀಮಾಂಸಕನಿಗೆ ಗೊತ್ತಿತ್ತು. ಸರ್ವೇಯರನಿಗೆ ಗೊತ್ತಿರಲಿಲ್ಲ, ಅಥವಾ ಬೇಕಾಗಿರಲಿಲ್ಲ.

ರೋಸ್‌ಡೇಲೂ ಸೇರಿದ ಗಿಪ್ಸ್‌ಲ್ಯಾಂಡ್ ಸೀಮೆಯ ಮೂಲನಿವಾಸಿಗಳಾದ ಗುನೈಕುರ್ನೈ ಜನರ ನೆಲದ ಹಕ್ಕನ್ನು ಫೆಡರಲ್ ನ್ಯಾಯಾಲಯವು 2010ರ ಅಕ್ಟೋಬರಿನಲ್ಲಿ ಮನ್ನಿಸಿತು. ಆ ಬಳಿಕ ಅಲ್ಲಿನ ಹಲವು ಉದ್ಯಾನಗಳ ಆಡಳಿತದಲ್ಲಿ ಅವರು ಸರ್ಕಾರದೊಡನೆ ಪಾಲುದಾರರು. ಅವುಗಳಲ್ಲೊಂದು ಸ್ಟ್ರಾಟ್‌ಫರ್ಡಿನ ಬಳಿ ಏವನ್ ನದಿಯ ಮೇಲಣ ನಾಬ್ ರಿಸರ್ವ್. ಅಲ್ಲಿ ನದಿಯಂಚಿನ ಮರಳುಗಲ್ಲಿನಲ್ಲಿ ಉದ್ದನೆಯ ಗೀರುಗಳಿವೆ. ಗುನೈಕುರ್ನೈ ಪೂರ್ವಿಕರು ಕಲ್ಲುಗೊಡಲಿಗಳನ್ನು ಮಸೆದು ಮಸೆದು ಉಂಟಾದ ಗೀರುಗಳವು. ಬಗ್ಗಿ ಬೆರಳಿಟ್ಟರೆ ಬೆರಳು ಅದರೊಳಗೆ ಕುಳಿತುಕೊಳ್ಳುತ್ತದೆ. ಎಲ್ಲರಿಗೂ ಸಮಾನವಾದ ನೆಲದಲ್ಲಿ ಬಹುಕಾಲ ಬಾಳಿದವನ ಮಾತಿಗೆ ಹೆಚ್ಚು ತೂಕವುಂಟೇ ಎಂದು ಜೈಮಿನಿ ಕೇಳಲಿಲ್ಲ. ಉಂಟೆಂದೇ ನನ್ನ ಅಭಿಪ್ರಾಯ. ಒಡೆತನದ ಪತ್ರವಿಲ್ಲದೆ ಸಾವಿರಾರು ವರ್ಷ ಒಂದು ನದಿಯ ದಡವನ್ನು ಬಳಸಿ, ಮುಂದಿನವರಿಗೆ ಉಳಿಸಿಕೊಟ್ಟವರಿಗಿಂತ ಉತ್ಸರ್ಗದ ಅರ್ಥವನ್ನು ಬಲ್ಲವರು ಯಾರಿದ್ದಾರು? ಆದುದರಿಂದ ಅವರು ನಾಳೆ ಯಾವುದಾದರೊಂದು ದಂಡೆಗೆ ಹಗ್ಗ ಕಟ್ಟಿ ಇಲ್ಲಿ ಬಂಡಿ ನಿಲ್ಲಿಸಬೇಡಿರೆಂದರೆ, ಬಿಟ್ಟಿ ತಾಣವೊಂದು ಕೈತಪ್ಪಿತೆಂದು ಗೊಣಗುವ ನಮ್ಮ ಕ್ಲೈಡ್ ನಾರ್ತಿನ ಗೆಳೆಯರ ಪಕ್ಷವನ್ನು ನಾನು ಹಿಡಿಯಲಾರೆ. ಹೆದ್ದಾರಿಯಲ್ಲೇ ಮುಂದಿರುವ ಬೇರ್ನ್ಸ್‌ಡೇಲಿಗೆ ಇನ್ನೂ ಬೆಳಕಿರುವಾಗಲೇ ತಲುಪಬಹುದು, ಅಲ್ಲಿ ಬಾಡಿಗೆ ಕೊಟ್ಟು ಇಳಿದುಕೊಂಡರೆ ಧರ್ಮಕ್ಕೇನೂ ಲೋಪವಿಲ್ಲ.