ಮೋಟರಿನ ತಪ್ಪೇನು?

ಹಿಂಗಾರು ಮಳೆ ಹಿಡಿದ ಮೊದಲ ದಿನವೇ ನಮ್ಮ ಹಳೆಯ ಕಾರಿನ ವೈಪರ್ ಕೈಕೊಟ್ಟಿತು. ಕಳವಾರದಿಂದ ಚಿಕ್ಕಬಳ್ಳಾಪುರಕ್ಕೆ ಜೀವ ಕೈಯಲ್ಲಿ ಹಿಡಿದು ಬಂದೆವು. "ಮೋಟರ್ ಹೋಗಿದೆ, ಹೊಸದು ಹಾಕಿಸಬೇಕು" ಎಂದು ಯಜಮಾನರು ತೀರ್ಪು ಕೊಟ್ಟರು. ನಾನೂ ಹೌದೆಂದೆ. ಕೆಲಸ ನಿಂತರೆ ಕೆಲಸ ಮಾಡುವವರದೇ ತಪ್ಪು ತಾನೆ?

ಮೆಕ್ಯಾನಿಕ್ ಹುಡುಗ ಮಾತಾಡಲಿಲ್ಲ. ಮೊದಲು ಬ್ಯಾಟರಿಯ ವೈರು ಕಳಚಿದ. ವೈಪರ್ ಕೈಗಳನ್ನು ತೆಗೆದು, ಗಾಜಿನ ಬುಡದ ಮುಚ್ಚಳ ಎತ್ತಿದ. ಮೋಟರನ್ನು ಅದು ಎಳೆಯುವ ರಾಡುಗಳಿಂದ ಬಿಡಿಸಿ, ಬೋಲ್ಟು ಬಿಚ್ಚಿ ಹೊರಗಿಟ್ಟು, ಕರೆಂಟು ಕೊಟ್ಟ. ಜುಂಯ್ ಎಂದು ತಿರುಗಿತು!

"ಮೋಟರ್ ಚೆನ್ನಾಗೈತೆ ಮೇಡಂ. ವೈಪರ್ ಕೂರೋ ಸ್ಪಿಂಡಲ್ ತುಕ್ಕು ಹಿಡ್ದು ಬಿಗಿದುಕೊಂಡೈತೆ. ಎಳೆಯಕ್ಕಾಗದೆ ಇದು ಸೋತೈತೆ. ಹೊಸದು ಹಾಕಿದ್ರೂ ಸುಟ್ಟೋಗ್ತಿತ್ತು" ಎಂದ.

ಮಳೆ ಅಪರೂಪವಾದ ನಮ್ಮ ಸೀಮೆಯಲ್ಲಿ ತಿಂಗಳುಗಟ್ಟಲೆ ವೈಪರ್ ಆಡಿಸಿರಲಿಲ್ಲ. ತಪ್ಪು ನಮ್ಮದೇ.

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ ವೈಪರಿಗೆ ಪೇಟೆಂಟ್ ಪಡೆದಾಗ ಅದಕ್ಕೆ ಮೋಟರ್ ಇರಲಿಲ್ಲ. ಒಳಗೆ ಕುಳಿತು ಕೈಯಿಂದಲೇ ಹಿಡಿ ಆಡಿಸಬೇಕಿತ್ತು. ಬಿಗಿಯಾದರೆ ಕೈಗೆ ತಿಳಿಯುತ್ತಿತ್ತು, ಬಾಯಿ ಹೇಳುತ್ತಿತ್ತು. ಮೋಟರಿಗೆ ಬಾಯೆಲ್ಲಿದೆ?

ಬಾಯಿಲ್ಲದವರ ಮೇಲೆ ತಪ್ಪು ಹೊರಿಸುವುದು ಸುಲಭ. ಹಲವು ವರ್ಷಗಳ ಹಿಂದೆ ಏಳನೇ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ತೂಕಡಿಸುತ್ತಿದ್ದಳು. ಕೇಳಿದರೆ ತಲೆ ತಗ್ಗಿಸುತ್ತಿದ್ದಳು. "ಪಾಠದಲ್ಲಿ ಗಮನವಿಲ್ಲ" ಎಂದು ಪ್ರಗತಿಪತ್ರದಲ್ಲಿ ಬರೆದೆ. ಅವರ ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಆ ಒಂದು ವಾರ ಹುಳುಗಳ ಹಸಿವು ಎಂಥದೆಂದು ಸಾಕಿದವರೇ ಬಲ್ಲರು. ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ತಾಯಿ ಹಾಸಿಗೆ ಹಿಡಿದಿದ್ದರಿಂದ ಆ ಕೆಲಸವೆಲ್ಲ ಇವಳ ಪಾಲಿಗೆ ಬಂದಿತ್ತು. ಇದು ನನಗೆ ತಿಳಿಯುವ ಹೊತ್ತಿಗೆ, "ಮೇಷ್ಟ್ರಮ್ಮನೇ ಬರೆದವ್ರೆ, ಇವಳಿಗೆ ಓದು ಹತ್ತಲ್ಲ" ಎಂದು ತಂದೆ ಶಾಲೆ ಬಿಡಿಸಿಯಾಗಿತ್ತು. ಅವರ ಮನೆಗೆ ಎರಡು ಸಲ ಹೋಗಿ ಬಂದೆ. ಅವಳು ಮರಳಿ ಬರಲಿಲ್ಲ.

ನಿಜವಾಗಿ ಸುಟ್ಟುಹೋದ ಮೋಟರುಗಳೂ ಇವೆ, ಸೋಮಾರಿ ಮಕ್ಕಳೂ ಇದ್ದಾರೆ. ಮನೆಯಲ್ಲಿ ಸೊಸೆ ಸೋತು ಕುಳಿತಾಗಲೂ ಎಲ್ಲ ಸಲ ಹೊರೆಯೇ ಕಾರಣವೆಂದಲ್ಲ. ಆದರೆ ಆ ಹುಡುಗ ಮಾಡಿದಂತೆ ಒಮ್ಮೆ ಹೊರೆ ಕಳಚಿ ನೋಡದೆ ತೀರ್ಪು ಕೊಡುವ ಹಕ್ಕು ನಮಗೆಲ್ಲಿದೆ?

ಎಣ್ಣೆ ಬಿಟ್ಟು, ತುಕ್ಕು ಉಜ್ಜಿ, ಅದೇ ಮೋಟರನ್ನು ಕೂರಿಸಿ ಕೊಟ್ಟ. ಮಳೆಯಲ್ಲೇ ಮನೆಗೆ ಬಂದೆವು. ಗಾಜು ಶುಭ್ರವಾಗಿತ್ತು, ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ.