‘ಇಲ್ಲಿಲ್ಲ’ ಎಂದವರ ಪಾಲು

ಮೂರು ಮತ್ತು ಐದು, ಐದು ಮತ್ತು ಏಳು, ಹನ್ನೊಂದು ಮತ್ತು ಹದಿಮೂರು, ಹದಿನೇಳು ಮತ್ತು ಹತ್ತೊಂಬತ್ತು. ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳು ಅವಿಭಾಜ್ಯಗಳು. ಅವು ಹೀಗೆ ಎರಡರ ಅಂತರದಲ್ಲಿ ಜೋಡಿಯಾಗಿ ನಿಂತರೆ ಅವಳಿ ಅವಿಭಾಜ್ಯಗಳು. ಅವಿಭಾಜ್ಯಗಳು ಅನಂತ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ. ಅವಳಿಗಳೂ ಅನಂತವೇ? ಹೌದೆಂದೇ ಹೆಚ್ಚಿನ ಗಣಿತಜ್ಞರ ನಂಬಿಕೆ, ಆದರೆ ಸಾಧನೆ ಇನ್ನೂ ಸಿಕ್ಕಿಲ್ಲ. 2013ರಲ್ಲಿ ಯಿಟಾಂಗ್ ಝಾಂಗ್, ಏಳು ಕೋಟಿಗಿಂತ ಕಡಿಮೆ ಅಂತರವಿರುವ ಅವಿಭಾಜ್ಯ ಜೋಡಿಗಳು ಅನಂತವಾಗಿವೆ ಎಂದು ಸಾಧಿಸಿದರು. ಮುಂದೆ ಹಲವರು ಸೇರಿ ಆ ಅಂತರವನ್ನು 246ಕ್ಕೆ ಇಳಿಸಿದರು. ಅಲ್ಲಿಂದ ಎರಡಕ್ಕೆ ಇಳಿಯುವ ದಾರಿ ಯಾರಿಗೂ ಕಂಡಿಲ್ಲ.

ಸಾಧನೆಯ ಈ ದಾರಿಯ ಪಕ್ಕದಲ್ಲೇ ಇನ್ನೊಂದು ಕೆಲಸ ನಡೆಯುತ್ತಿದೆ. ಅದು ಆದಷ್ಟು ದೊಡ್ಡ ಅವಳಿಗಳನ್ನು ನಿಜವಾಗಿ ಹುಡುಕಿ ತೆಗೆಯುವುದು. 2006ರಲ್ಲಿ ಇದಕ್ಕಾಗಿಯೇ ಸ್ವಯಂಸೇವಕರ ಒಂದು ಯೋಜನೆ ಶುರುವಾಯಿತು. ಪ್ರೈಮ್‌ಗ್ರಿಡ್ ಎಂಬ ಇನ್ನೊಂದು ಯೋಜನೆ ಅದರ ಜೊತೆಗೂಡಿತು. 2007ರ ಜನವರಿಯಲ್ಲಿ 58,711 ಅಂಕಿಗಳ ಅವಳಿ ಸಿಕ್ಕಿತು. 2009ರಲ್ಲಿ 1,00,355 ಅಂಕಿಗಳದ್ದು, 2011ರಲ್ಲಿ 2,00,700 ಅಂಕಿಗಳದ್ದು, 2016ರಲ್ಲಿ 3,88,342 ಅಂಕಿಗಳದ್ದು. ಈ ಕೊನೆಯದನ್ನು ಬರೆಯುವ ಸುಲಭ ವಿಧಾನ ಹೀಗೆ: 12,90,000 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 2996863034895ರಿಂದ ಗುಣಿಸಿ. ಅದರಿಂದ ಒಂದು ಕಳೆದರೆ ಒಬ್ಬ ಅವಳಿ, ಒಂದು ಕೂಡಿದರೆ ಇನ್ನೊಬ್ಬ. ಎಲ್ಲ ಅಂಕಿಗಳನ್ನೂ ಅಚ್ಚು ಹಾಕಿದರೆ, ಪುಟಕ್ಕೆ ಎರಡು ಸಾವಿರದಂತೆ, ಪ್ರತಿ ಅವಳಿಗೂ ಸುಮಾರು ಇನ್ನೂರು ಪುಟದ ಪುಸ್ತಕವಾದೀತು.

ಈ ಗಾತ್ರದಲ್ಲಿ ಕಣ್ಣು ಮುಚ್ಚಿ ಒಂದು ಸಂಖ್ಯೆಯನ್ನು ಆರಿಸಿದರೆ ಅದು ಅವಿಭಾಜ್ಯವಾಗಿರುವ ಸಾಧ್ಯತೆ ಸುಮಾರು ಒಂಬತ್ತು ಲಕ್ಷಕ್ಕೆ ಒಂದು. ಪಕ್ಕದ್ದೂ ಅವಿಭಾಜ್ಯವಾಗಿರಬೇಕೆಂದರೆ ಸಾಧ್ಯತೆ ಇನ್ನೆಷ್ಟೋ ಪಟ್ಟು ಕುಗ್ಗುತ್ತದೆ. ಹಾಗಾಗಿ ಮೊದಲು ಜರಡಿ ಹಿಡಿಯುತ್ತಾರೆ: ಚಿಕ್ಕ ಅವಿಭಾಜ್ಯಗಳಿಂದ ಭಾಗವಾಗುವ ಸಂಖ್ಯೆಗಳೆಲ್ಲ ಅಲ್ಲೇ ಉದುರಿಹೋಗುತ್ತವೆ. ಉಳಿದವನ್ನು ತುಂಡು ತುಂಡು ಮಾಡಿ ಹಂಚುತ್ತಾರೆ. ಯಾವುದೋ ಊರಿನ ವಿದ್ಯಾರ್ಥಿಯ ಲ್ಯಾಪ್‌ಟಾಪ್‌ಗೆ ಒಂದು ತುಂಡು, ಇನ್ಯಾವುದೋ ದೇಶದ ನಿವೃತ್ತರ ಹಳೆಯ ಕಂಪ್ಯೂಟರಿಗೆ ಇನ್ನೊಂದು. ಯಂತ್ರ ತನ್ನ ಪಾಲಿನ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಸರ್ವರಿಗೆ ಉತ್ತರ ಕಳಿಸುತ್ತದೆ. ಆ ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಇಲ್ಲಿಲ್ಲ.

ಕೊನೆಗೊಂದು ದಿನ ಯಾರದೋ ಯಂತ್ರ ‘ಇದೆ’ ಎನ್ನುತ್ತದೆ. ದಾಖಲೆಯಲ್ಲಿ ಆ ಯಂತ್ರದ ಒಡೆಯರ ಹೆಸರು ಸೇರುತ್ತದೆ. ಯೋಜನೆಗಳ, ತಂತ್ರಾಂಶಗಳ ಹೆಸರೂ ಜೊತೆಗಿರುತ್ತದೆ. ಅವರು ಮಾಡಿದ್ದು ಉಳಿದ ಸಾವಿರಾರು ಜನ ಮಾಡಿದ್ದನ್ನೇ. ತುಂಡುಗಳನ್ನು ಹಂಚಿದ್ದು ಸರ್ವರ್. ಅವರ ಪಾಲಿಗೆ ಆ ತುಂಡು ಬಂದದ್ದು ಕಾಕತಾಳೀಯ. ಹಾಗಾದರೆ ಹುಡುಕಿದವರು ಯಾರು? ‘ಇಲ್ಲಿಲ್ಲ’ ಎಂದು ವರ್ಷಗಟ್ಟಲೆ ಹೇಳುತ್ತಾ ಬಂದವರ ಪಾಲು ಏನು?

ಇದನ್ನು ಲಾಟರಿಗೆ ಹೋಲಿಸಿ ಪ್ರಶ್ನೆಯನ್ನು ಅಲ್ಲಿಗೇ ಮುಗಿಸಬಹುದು: ಟಿಕೆಟ್ ಕೊಂಡವರು ಹಲವರು, ಗೆದ್ದವರು ಒಬ್ಬರು. ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಲಾಟರಿಯಲ್ಲಿ ಸೋತ ಟಿಕೆಟ್ಟಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಇಲ್ಲಿ ಸೋತ ಪ್ರತಿ ಪರೀಕ್ಷೆಯೂ ಒಂದು ನಿಜವನ್ನು ಹೇಳುತ್ತದೆ: ಈ ಸಂಖ್ಯೆ ಅವಿಭಾಜ್ಯವಲ್ಲ, ಮತ್ತೆ ಯಾರೂ ಇಲ್ಲಿ ಹುಡುಕಬೇಕಿಲ್ಲ. ಮುಂದಿನವರು ಹುಡುಕಬೇಕಾದ ಜಾಗ ಅಷ್ಟು ಕಡಿಮೆಯಾಯಿತು.

ನಮ್ಮ ಊರುಗಳ ಮುಯ್ಯಾಳಿನ ಪದ್ಧತಿಯಲ್ಲಿ ಇವತ್ತು ನಾವು ಅವರ ಗದ್ದೆಗೆ ಹೋದರೆ ನಾಳೆ ಅವರು ನಮ್ಮ ಗದ್ದೆಗೆ ಬರುತ್ತಾರೆ. ಬರದಿದ್ದರೆ ಇಡೀ ಊರಿಗೇ ಗೊತ್ತಾಗುತ್ತದೆ. ಈ ಹುಡುಕಾಟದಲ್ಲಿ ಗದ್ದೆ ಯಾರದ್ದೂ ಅಲ್ಲ, ದುಡಿಯುವವರು ಒಬ್ಬರ ಮುಖವನ್ನೊಬ್ಬರು ನೋಡಿಲ್ಲ, ಮುಯ್ಯಿ ತೀರಿಸುವ ದಿನ ಬರುವುದೂ ಇಲ್ಲ. ಆದರೂ ಕೆಲಸ ನಡೆಯಬೇಕಾದರೆ ಪ್ರತಿಯೊಬ್ಬರ ಮಾತೂ ನಂಬುವಂತಿರಬೇಕು.

ಅದರಲ್ಲೂ ‘ಇಲ್ಲ’ ಎಂಬ ಮಾತು. ಯಾರಾದರೂ ‘ಇದೆ’ ಎಂದರೆ ಎಲ್ಲರೂ ಅತ್ತ ತಿರುಗುತ್ತಾರೆ, ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಬೇರೆ ತಂತ್ರಾಂಶಗಳಿಂದ ಮತ್ತೆ ಪರೀಕ್ಷಿಸುತ್ತಾರೆ. ಸುಳ್ಳಾದ ‘ಇದೆ’ ಹೆಚ್ಚು ದಿನ ಬಾಳುವುದಿಲ್ಲ. ಸುಳ್ಳಾದ ‘ಇಲ್ಲ’ ಹಾಗಲ್ಲ. ಅದು ಲಕ್ಷಾಂತರ ನಿಜವಾದ ‘ಇಲ್ಲ’ಗಳ ನಡುವೆ ಕುಳಿತುಬಿಡುತ್ತದೆ. ಅದನ್ನು ಹಿಡಿಯಬೇಕಾದರೆ ಇಡೀ ಹುಡುಕಾಟವನ್ನೇ ಇನ್ನೊಮ್ಮೆ ಮಾಡಬೇಕು. ಅದಕ್ಕಾಗಿಯೇ ಇಂಥ ಯೋಜನೆಗಳಲ್ಲಿ ಒಂದೇ ಸಂಖ್ಯೆಯನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಕೊಡುವ ಕ್ರಮ ಬಂತು. ಪರೀಕ್ಷೆಯ ಕೊನೆಯಲ್ಲಿ ಉಳಿಯುವ ಶೇಷದ ಒಂದು ತುಣುಕನ್ನು ಇಬ್ಬರ ಯಂತ್ರಗಳೂ ಕಳಿಸುತ್ತವೆ. ಎರಡೂ ಒಂದೇ ಆಗಿದ್ದರೆ ಮಾತ್ರ ಆ ‘ಇಲ್ಲ’ಕ್ಕೆ ಬೆಲೆ.

ತಪ್ಪುವುದು ಮನುಷ್ಯರಷ್ಟೇ ಅಲ್ಲ. ಕಂಪ್ಯೂಟರ್ ಬಿಸಿಯಾದರೆ, ಮೆಮೊರಿಯಲ್ಲಿ ಒಂದು ಬಿಟ್ ಮಗುಚಿದರೆ, ಲಕ್ಷಾಂತರ ಹೆಜ್ಜೆಗಳ ಲೆಕ್ಕ ಹಾಳಾಗುತ್ತದೆ. ಅವಳಿ ಅವಿಭಾಜ್ಯಗಳ ಚರಿತ್ರೆಯಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. 1919ರಲ್ಲಿ ವಿಗ್ಗೊ ಬ್ರುನ್ ಎಂಬ ನಾರ್ವೆಯ ಗಣಿತಜ್ಞ, ಎಲ್ಲ ಅವಳಿಗಳ ವ್ಯುತ್ಕ್ರಮಗಳನ್ನು ಕೂಡುತ್ತಾ ಹೋದರೂ ಮೊತ್ತ ಒಂದು ಮಿತಿಯನ್ನು ಮೀರುವುದಿಲ್ಲ ಎಂದು ಸಾಧಿಸಿದ್ದ. ಆ ಮೊತ್ತವನ್ನು ಇನ್ನಷ್ಟು ನಿಖರವಾಗಿ ತಿಳಿಯಲು ವರ್ಜೀನಿಯಾದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಹಲವು ಕಂಪ್ಯೂಟರುಗಳನ್ನು ಲೆಕ್ಕಕ್ಕೆ ಹಚ್ಚಿದ್ದರು. 1994ರ ಜೂನ್‌ನಲ್ಲಿ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅವರು ಕೂಡಲೇ ಯಂತ್ರವನ್ನು ದೂರಲಿಲ್ಲ. ತಾವು ಬರೆದ ಪ್ರೋಗ್ರಾಮನ್ನು ಶಂಕಿಸಿದರು, ಅದನ್ನು ಯಂತ್ರಭಾಷೆಗೆ ಇಳಿಸುವ ತಂತ್ರಾಂಶವನ್ನು ಶಂಕಿಸಿದರು, ಒಂದೊಂದಾಗಿ ಕಾರಣಗಳನ್ನು ತಳ್ಳಿಹಾಕುತ್ತಾ ಅಕ್ಟೋಬರ್ ಹೊತ್ತಿಗೆ ಇಂಟೆಲ್‌ನ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲೇ ದೋಷವಿದೆ ಎಂಬ ನಿರ್ಧಾರಕ್ಕೆ ಬಂದರು. 824633702441 ಎಂಬ ಅವಿಭಾಜ್ಯದ ವ್ಯುತ್ಕ್ರಮವನ್ನು ಚಿಪ್ಪು ತಪ್ಪಾಗಿ ಲೆಕ್ಕಹಾಕುತ್ತಿತ್ತು. ಕೊನೆಗೆ ಕಂಪನಿ ಚಿಪ್ಪುಗಳನ್ನು ಬದಲಿಸಿಕೊಡಲು 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ಪ್ರಯೋಜನವಿಲ್ಲದ ಸಂಶೋಧನೆಯೂ ಪ್ರಯೋಜನಕ್ಕೆ ಬರುತ್ತದೆ ಎಂದು ತೋರಿಸಲು ಈ ಕತೆಯನ್ನು ಹೇಳುವುದುಂಟು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಆ ನಾಲ್ಕು ತಿಂಗಳು. ತಾಳೆಯಾಗದ ಒಂದು ಅಂಕಿಯನ್ನು ‘ಇರಲಿ ಬಿಡು’ ಎನ್ನದೆ, ಆರೋಪ ಹೊರಿಸುವ ಮೊದಲು ತನ್ನ ಕಡೆಯ ತಪ್ಪನ್ನೆಲ್ಲ ಹುಡುಕಿದ ಶಿಸ್ತು ಅದು. ಸಂಖ್ಯೆ ಯಾರ ಪರವೂ ಅಲ್ಲದ್ದರಿಂದ ಅದರ ಮುಂದೆ ಈ ಶಿಸ್ತು ಕಲಿಯುವುದು ಸುಲಭವಿರಬೇಕು.

ಈಗ ಈ ಚಿತ್ರ ಬದಲಾಗುತ್ತಿದೆ. ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆಯಲ್ಲಿ 2020ರಿಂದ ಯಂತ್ರ ಉತ್ತರದ ಜೊತೆಗೆ ಒಂದು ಪುರಾವೆಯನ್ನೂ ಕಳಿಸುತ್ತದೆ. ಅದನ್ನು ಪರಿಶೀಲಿಸಲು ಮೂಲ ಕೆಲಸದ ನೂರರಲ್ಲೊಂದು ಪಾಲೂ ಬೇಕಿಲ್ಲ. ಎರಡನೆಯವರ ದುಡಿಮೆ ಉಳಿಯಿತು, ವಿದ್ಯುತ್ತೂ ಉಳಿಯಿತು. ಇನ್ನು ಪ್ರಾಮಾಣಿಕತೆಯ ಮಾತೇಕೆ ಎಂದು ಕೇಳಬಹುದು. ಆದರೆ ಯಾವ ಪುರಾವೆಯಿಂದಲೂ ತಿಳಿಯದ ಎರಡು ಸಂಗತಿಗಳಿವೆ. ಒಂದು, ತುಂಡನ್ನು ತನ್ನ ಹೆಸರಿಗೆ ಬರೆಸಿಕೊಂಡು ಸದ್ದಿಲ್ಲದೆ ಮಾಯವಾದವರದ್ದು. ಅವರು ಸುಳ್ಳು ಹೇಳಿಲ್ಲ, ಏನನ್ನೂ ಹೇಳಿಲ್ಲ. ಆದರೆ ಅಲ್ಲಿ ಯಾರೋ ಹುಡುಕುತ್ತಿದ್ದಾರೆ ಎಂದು ಉಳಿದವರು ಆ ಕಡೆ ಹೋಗುವುದಿಲ್ಲ. ಗಡುವು ಮುಗಿದ ಮೇಲೆ ತುಂಡನ್ನು ಬೇರೆಯವರಿಗೆ ಕೊಡುವ ನಿಯಮ ಬಂದದ್ದು ಇದಕ್ಕೇ. ಬಿಡುವುದಾದರೆ ಬಿಡುತ್ತೇನೆ ಎಂದು ಹೇಳಿಹೋಗುವುದೂ ಒಂದು ಕರ್ತವ್ಯ.

ಇನ್ನೊಂದು, ವಿದ್ಯುತ್ತು ಯಾರದ್ದು ಎಂಬುದು. ‘ಸುಮ್ಮನಿರುವ ಕಂಪ್ಯೂಟರಿನ ಬಿಡುವಿನ ವೇಳೆ’ ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಮಾಡುವ ಯಂತ್ರ ಸುಮ್ಮನಿರುವ ಯಂತ್ರಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಕಚೇರಿಯ, ಕಾಲೇಜಿನ ಕಂಪ್ಯೂಟರುಗಳಲ್ಲಿ ಅನುಮತಿಯಿಲ್ಲದೆ ಇಂಥ ತಂತ್ರಾಂಶ ಹಾಕಿ ತೊಂದರೆಗೆ ಸಿಕ್ಕಿದವರೂ ಅಮೆರಿಕದಲ್ಲಿದ್ದಾರೆ. ಬೇರೆಯವರ ಸೊತ್ತನ್ನು ತೆಗೆದು ಮಾಡಿದ ದಾನ ದಾನವಲ್ಲ, ಉದ್ದೇಶ ಎಷ್ಟೇ ನಿರ್ಮಲವಾಗಿರಲಿ.

ಗಿಂಪ್ಸ್‌ನಲ್ಲೇ ನಡೆದ ಒಂದು ಘಟನೆ ನಮ್ಮ ಮೊದಲ ಪ್ರಶ್ನೆಯನ್ನು ಬೇರೆ ಬೆಳಕಿನಲ್ಲಿ ತೋರಿಸುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಸ್ವಯಂಸೇವಕರೊಬ್ಬರ ಯಂತ್ರ ಎರಡು ಕೋಟಿಗೂ ಹೆಚ್ಚು ಅಂಕಿಗಳ ಒಂದು ಅವಿಭಾಜ್ಯವನ್ನು ಕಂಡು ಸರ್ವರಿಗೆ ವರದಿ ಮಾಡಿತು. ಆ ಸುದ್ದಿ ಯಾರ ಕಣ್ಣಿಗೂ ಬೀಳಲಿಲ್ಲ. 2016ರ ಜನವರಿ 7ರಂದು ಒಬ್ಬ ಮನುಷ್ಯ ಅದನ್ನು ಗಮನಿಸಿದ, ಆ ದಿನವನ್ನೇ ಶೋಧದ ದಿನವೆಂದು ಎಣಿಸಲಾಯಿತು. ಅಂದರೆ ಕಂಡದ್ದನ್ನು ಯಾರಾದರೂ ಗುರುತಿಸಿದಾಗಲೇ ಅದು ಶೋಧ. ಈ ಮಾತನ್ನು ಒಪ್ಪುವುದಾದರೆ ‘ಇಲ್ಲ’ಗಳನ್ನೂ ಯಾರಾದರೂ ಗುರುತಿಸಬೇಕು.

ಪ್ರಯೋಗಾಲಯದಲ್ಲಿ ಫಲಿಸದ ಪ್ರಯೋಗ, ಹಸ್ತಪ್ರತಿ ಭಂಡಾರದಲ್ಲಿ ತಿಂಗಳುಗಟ್ಟಲೆ ಹುಡುಕಿದರೂ ಸಿಗದ ಪಾಠಾಂತರ, ಇವು ಅಚ್ಚಾಗುವುದು ಅಪರೂಪ. ಅಚ್ಚಾಗದ್ದರಿಂದ ಮುಂದಿನ ವಿದ್ಯಾರ್ಥಿ ಅದೇ ಕಪಾಟಿನಲ್ಲಿ ಮತ್ತೆ ಹುಡುಕುತ್ತಾನೆ. ಎಷ್ಟೇ ದೊಡ್ಡ ಅವಳಿ ಸಿಕ್ಕರೂ ಅವಳಿಗಳು ಅನಂತ ಎಂಬುದು ಸಾಧಿತವಾಗುವುದಿಲ್ಲ. ಈ ಹುಡುಕಾಟದಿಂದ ನಾವು ಕಲಿಯಬಹುದಾದದ್ದು ಬೇರೆಯಿದೆ. ‘ಇಲ್ಲಿ ಹುಡುಕಿದ್ದೇನೆ, ಸರಿಯಾಗಿಯೇ ಹುಡುಕಿದ್ದೇನೆ, ಇಲ್ಲ’ ಎಂದು ಹೇಳುವುದು ಪೂರ್ತಿಯಾದ ಒಂದು ಕೆಲಸ. ಹಾಗೆ ಹೇಳಿದವರ ಹೆಸರನ್ನೂ ಒಂದು ಕಡೆ ಬರೆದಿಡಬೇಕು.