ಚಂದ್ರಗುಪ್ತನಿಗೆ ರಾಜ್ಯ ಬಿಡುವ ಹಕ್ಕಿಲ್ಲವೇ?

‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟದ ಆರನೆಯ ಆವೃತ್ತಿಯಲ್ಲಿ ಭಾರತಕ್ಕೆ ಇಬ್ಬರು ನಾಯಕರಿದ್ದಾರೆ. 2016ರಲ್ಲಿ ಆಟ ಬಂದಾಗ ಗಾಂಧೀಜಿ ಒಬ್ಬರೇ. 2018ರ ಫೆಬ್ರುವರಿಯಲ್ಲಿ ‘ರೈಸ್ ಅಂಡ್ ಫಾಲ್’ ಎಂಬ ವಿಸ್ತರಣೆ ಬಂದಾಗ ಚಂದ್ರಗುಪ್ತ ಮೌರ್ಯನೂ ಸೇರಿಕೊಂಡ. ಗಾಂಧೀಜಿ ಅಣುಬಾಂಬ್ ಹಾಕುತ್ತಾರೆಂಬ ಹಳೆಯ ತಮಾಷೆ ಈ ಆಟ ಆಡುವವರಿಗೆಲ್ಲ ಗೊತ್ತು. ನನ್ನನ್ನು ಕಾಡುವುದು ಅದಲ್ಲ, ಚಂದ್ರಗುಪ್ತ.

ಆಟದಲ್ಲಿ ಅವನ ವಿಶೇಷ ಶಕ್ತಿಯ ಹೆಸರು ಅರ್ಥಶಾಸ್ತ್ರ. ರಾಜ್ಯ ವಿಸ್ತರಣೆಗೆಂದೇ ಅವನು ಯುದ್ಧ ಸಾರಬಹುದು. ಸಾರಿದ ಮೊದಲ 10 ಸರದಿಗಳಲ್ಲಿ ಅವನ ಸೈನ್ಯ ಹೆಚ್ಚು ವೇಗವಾಗಿ ನಡೆಯುತ್ತದೆ, ಹೆಚ್ಚು ಬಲವಾಗಿ ಹೊಡೆಯುತ್ತದೆ. ಕಂಪ್ಯೂಟರೇ ಅವನನ್ನು ಆಡಿಸುವಾಗ, ಗಡಿಗೆ ಹತ್ತಿರವಿರುವ ಯಾರನ್ನು ಕಂಡರೂ ಅವನಿಗೆ ಆಗುವುದಿಲ್ಲ. ಪಕ್ಕದ ರಾಜನೇ ಸಹಜ ಶತ್ರು ಎಂಬ, ‘ಅರ್ಥಶಾಸ್ತ್ರ’ ಬರೆದ ಕೌಟಿಲ್ಯನ ಮಾತನ್ನು ಆಟ ಕಟ್ಟಿದವರು ಓದಿಕೊಂಡೇ ಇದನ್ನು ಮಾಡಿದ್ದಾರೆ. ಅಷ್ಟರಮಟ್ಟಿಗೆ ಕೆಲಸ ಅಚ್ಚುಕಟ್ಟು.

ನಮ್ಮದು ಜೈನರ ಮನೆ, ಶ್ರವಣಬೆಳಗೊಳಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಕೇಳಿ ಬೆಳೆದ ಚಂದ್ರಗುಪ್ತನೇ ಬೇರೆ. ಹನ್ನೆರಡು ವರ್ಷದ ಬರಗಾಲ ಬರುತ್ತದೆಂದು ತಿಳಿದ ಭದ್ರಬಾಹು ಮುನಿಗಳು ದಕ್ಷಿಣಕ್ಕೆ ಹೊರಟಾಗ ಅವನು ರಾಜ್ಯ ಬಿಟ್ಟು, ದೀಕ್ಷೆ ಪಡೆದು ಅವರ ಹಿಂದೆ ನಡೆದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಗುರುವಿನ ಸೇವೆ ಮಾಡಿದ, ಕೊನೆಗೆ ಆಹಾರ ತೊರೆಯುವ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಭದ್ರಬಾಹುವಿನ ಕಥೆ ‘ವಡ್ಡಾರಾಧನೆ’ಯಲ್ಲೂ ಇದೆ. ಆ ಬೆಟ್ಟದ ಚಂದ್ರಗುಪ್ತ ಮೌರ್ಯನೇ ಹೌದೋ ಅಲ್ಲವೋ ಎಂದು ಇತಿಹಾಸಕಾರರು ವಾದಿಸುತ್ತಾರೆ, ವಾದಿಸಲಿ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಒಂದು ಕಲ್ಲಿನ ಜಾಲಂಧ್ರವಿದೆ. 12ನೆಯ ಶತಮಾನದ ಶಿಲ್ಪಿ ದಾಸೋಜನ ಹೆಸರು ಅದರ ಮೇಲೇ ಇದೆ. ಸಾಲು ಸಾಲಾಗಿ ಚೌಕದ ಕಿಂಡಿಗಳು, ನಡುನಡುವೆ ಗುರುಶಿಷ್ಯರ ಕಥೆ ಹೇಳುವ ಸುಮಾರು 90 ಪುಟ್ಟ ಚಿತ್ರಗಳು. ಹತ್ತಿರ ಹೋಗಿ ಬಗ್ಗಿ ನೋಡದೆ ಯಾವುದೂ ತಿಳಿಯದು. ಒಬ್ಬ ಅರಸ ಹಂತಹಂತವಾಗಿ ಅರಸನಲ್ಲದವನಾಗುವುದನ್ನು ಅಷ್ಟು ತಾಳ್ಮೆಯಿಂದ ಕೆತ್ತಿದ ಇನ್ನೊಂದು ಕಲ್ಲನ್ನು ನಾನಂತೂ ನೋಡಿಲ್ಲ.

ಆಟದಲ್ಲಿ ಇದಕ್ಕೆ ಜಾಗವೇ ಇಲ್ಲ. ಕ್ರಿ.ಪೂ. 4000ದಿಂದ ಕ್ರಿ.ಶ. 2050ರವರೆಗೆ ಅದೇ ಮುಖ, ಅದೇ ಸಿಂಹಾಸನ. ಅವನಿಗೆ ಮುಪ್ಪಿಲ್ಲ, ಸಾವಿಲ್ಲ, ರಾಜ್ಯವನ್ನು ವಹಿಸಿಕೊಡಲು ಮಗ ಬಿಂದುಸಾರನೂ ಇಲ್ಲ. ಬೇಸರವಾದರೆ ಆಡುವ ನಾನು ಎದ್ದು ಹೋಗಬಹುದು, ಅವನು ಏಳುವಂತಿಲ್ಲ. ಆಟದ ಅನುಕೂಲಕ್ಕೆ ಮಾಡಿದ ಏರ್ಪಾಡು ಎಂದು ಇದನ್ನು ತಳ್ಳಿಹಾಕಲು ನನಗಾಗುವುದಿಲ್ಲ. ಹಿಡಿದುಕೊಂಡಷ್ಟೂ ಮನುಷ್ಯ ದೊಡ್ಡವನು ಎಂಬ ನಂಬಿಕೆ ಇದರೊಳಗಿದೆ. ಜೈನರ ಅಪರಿಗ್ರಹ ಹೇಳುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು: ‘ನನ್ನದು’ ಎಂದದ್ದೇ ಕಟ್ಟಿಹಾಕುತ್ತದೆ. ಯಾವ ಗದ್ದುಗೆಯಿಂದ ಒಬ್ಬ ತಾನಾಗಿ ಇಳಿದನೋ ಅದೇ ಗದ್ದುಗೆಯ ಮೇಲೆ ಅವನನ್ನು ಆರು ಸಾವಿರ ವರ್ಷ ಕೂರಿಸಿದರೆ, ಅದನ್ನು ಗೌರವ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

2025ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಚಂದ್ರಗುಪ್ತನ ಮೊಮ್ಮಗ ಅಶೋಕನಿದ್ದಾನೆ, ಎರಡು ರೂಪದಲ್ಲಿ. ಒಂದು ಲೋಕವನ್ನು ಗೆದ್ದವನು, ಇನ್ನೊಂದು ಲೋಕವನ್ನು ತೊರೆದವನು. ಬೇಕಾದವರನ್ನು ಆರಿಸಿಕೊಳ್ಳಬಹುದು. ಮೊದಲು ನನಗೂ ಸಂತೋಷವೇ ಆಯಿತು, ತ್ಯಾಗಕ್ಕೂ ಕೊನೆಗೊಂದು ಸ್ಥಾನ ಸಿಕ್ಕಿತಲ್ಲ ಎಂದು. ಆದರೆ ಯೋಚಿಸಿದಷ್ಟೂ ಇದು ಇನ್ನೂ ದೊಡ್ಡ ತಪ್ಪಾಗಿ ಕಂಡಿತು. 13ನೆಯ ಶಿಲಾಶಾಸನದಲ್ಲಿ ಕಳಿಂಗ ಯುದ್ಧದ ಲೆಕ್ಕ ಕೊಟ್ಟವನು ಅಶೋಕನೇ: ಸೆರೆಯಾಗಿ ಸಾಗಿಸಲ್ಪಟ್ಟವರು ಒಂದೂವರೆ ಲಕ್ಷ, ಕೊಲ್ಲಲ್ಪಟ್ಟವರು ಒಂದು ಲಕ್ಷ. ಕೊಂದವನೇ ಎಣಿಸಿದ್ದರಿಂದ ಆ ಲೆಕ್ಕಕ್ಕೆ ತೂಕ. ಗೆದ್ದ ಅಶೋಕ ಬೇರೆ, ತೊರೆದ ಅಶೋಕ ಬೇರೆ ಎಂದಾದರೆ ಪಶ್ಚಾತ್ತಾಪ ಯಾರದು? ಮಾಡಿದ ಕರ್ಮ ಮಾಡಿದ ಜೀವಕ್ಕೇ ಅಂಟುತ್ತದೆ, ಅದನ್ನು ಕಳೆದುಕೊಳ್ಳಬೇಕಾದ್ದೂ ಅದೇ ಜೀವ. ನಂದರನ್ನು ಉರುಳಿಸಿದ ಚಂದ್ರಗುಪ್ತನ ಕೈಗಳೇ ಚಿಕ್ಕಬೆಟ್ಟದಲ್ಲಿ ಬರಿದಾದವು ಎಂಬುದಕ್ಕಾಗಿಯೇ ನಾವು ಇವತ್ತಿಗೂ ಆ ಮೆಟ್ಟಿಲು ಹತ್ತುತ್ತೇವೆ.

ಇದು ನಮ್ಮೊಬ್ಬರ ದೂರಲ್ಲ. ಚಂದ್ರಗುಪ್ತ ಬಂದ ಅದೇ ವಿಸ್ತರಣೆಯಲ್ಲಿ ಕೆನಡಾದ ಕ್ರೀ ಜನರ ನಾಯಕ ಪೌಂಡ್‌ಮೇಕರ್ ಕೂಡ ಬಂದ. ನೆಲ ಗೆಲ್ಲುವುದು ನಮ್ಮ ಜನರ ಮೌಲ್ಯವೇ ಅಲ್ಲ, ಅದನ್ನು ನಮ್ಮ ಹಿರಿಯನ ತಲೆಗೆ ಕಟ್ಟಬೇಡಿ ಎಂದು ಆ ಸಮುದಾಯದ ಮುಖಂಡರು ಆಕ್ಷೇಪಿಸಿದರು. ಅದಕ್ಕೂ ಮೊದಲು, ಐದನೆಯ ಆವೃತ್ತಿಯ ಕಾಲದಲ್ಲಿ, ಅಮೆರಿಕದ ಪ್ಯೂಬ್ಲೊ ಜನರ ಪೋಪೆಯನ್ನು ನಾಯಕನಾಗಿಸಲು ಹೊರಟಾಗ ಆ ಜನ ಬೇಡವೆಂದರು, ಕಂಪನಿ ಕೈಬಿಟ್ಟಿತು. ಅಂದರೆ ಕೇಳುವುದೂ ಸಾಧ್ಯ, ಬಿಡುವುದೂ ಸಾಧ್ಯ.

ಚಂದ್ರಗುಪ್ತನನ್ನು ಆಟದಿಂದ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲೂ ಈಗ ಆಟ ಕಟ್ಟುವ ಹುಡುಗ ಹುಡುಗಿಯರಿದ್ದಾರೆ. ನೀವು ಅವನನ್ನು ಆರಿಸಿಕೊಳ್ಳುವುದಾದರೆ ಮೊದಲು ಚಿಕ್ಕಬೆಟ್ಟ ಹತ್ತಿ ದಾಸೋಜನ ಜಾಲಂಧ್ರವನ್ನು ನಿಧಾನವಾಗಿ ನೋಡಿ ಬನ್ನಿ. ಆಮೇಲೆ, ರಾಜ್ಯ ಬಿಟ್ಟು ಹೊರಡುವುದನ್ನೂ ಅವನ ಒಂದು ನಡೆಯನ್ನಾಗಿ ಮಾಡಿ. ಅದನ್ನು ಸೋಲೆಂದು ಮಾತ್ರ ಬರೆಯಬೇಡಿ.